ಹಸಿರು ಪೆನ್ನಿನ ಪುಣ್ಯವಂತರು

ಚನ್ನಪಟ್ಟಣಕ್ಕೆ ಬಂದವರು ಬೊಂಬೆ ಕೊಳ್ಳುತ್ತಾರೆ, ರೇಷ್ಮೆಯ ಮಾತಾಡುತ್ತಾರೆ, ಕಣ್ವ ಜಲಾಶಯದ ಏರಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಈ ಊರಿನ ನಿಜವಾದ ಸಂಪತ್ತನ್ನು ಮಾತ್ರ ಒಬ್ಬರೂ ನೋಡದೆ ಹೊರಟುಹೋಗುತ್ತಾರೆ. ಆ ಸಂಪತ್ತು ಪೇಟೆ ಬೀದಿಯ ಯಾವುದೋ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಬಾಕ್ಸ್ ಫೈಲುಗಳ ಗೋಡೆಗೆ ಒರಗಿ, ಹಸಿರು ಪೆನ್ನು ಹಿಡಿದು ಕೂತಿರುತ್ತದೆ. ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ಆಡಿಟರ ಆಫೀಸಿನಲ್ಲಿ ತರಬೇತಿಗೆ ಕೂತ ಅವನನ್ನು ಆರ್ಟಿಕಲ್ ಎನ್ನುತ್ತಾರೆ. ಮನೆಯಲ್ಲಿ ‘ನಮ್ಮುಡ್ಗ ಸಿಎ ಓದ್ತಾವ್ನೆ’ ಎನ್ನುತ್ತಾರೆ. ಪಾರ್ಟಿಗಳ, ಅಂದರೆ ಆಫೀಸಿಗೆ ಲೆಕ್ಕ ಒಪ್ಪಿಸುವ ವ್ಯಾಪಾರಿಗಳ, ಅಂಗಡಿಯಲ್ಲಿ ‘ಆಡಿಟ್ರ ಕಡೆ ಹುಡ್ಗ’ ಎನ್ನುತ್ತಾರೆ. ಲೋಕದಲ್ಲಿ ಇವನಷ್ಟು ಸುಖಿ ಇನ್ನೊಬ್ಬನಿಲ್ಲ ಎಂಬುದನ್ನು ಈ ಲೇಖನದಲ್ಲಿ ಓಚರ್ ಸಮೇತ ನಿರೂಪಿಸಲಾಗುವುದು.

ಮೊದಲು ಸಂಬಳದ ವಿಚಾರ ನೋಡೋಣ, ಅದು ಬೇಗ ಮುಗಿಯುತ್ತದೆ. 1949ರ ಜುಲೈ 1ರಂದು ಹುಟ್ಟಿದ ಐಸಿಎಐ, ಅಂದರೆ ಭಾರತದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ, ಆರ್ಟಿಕಲ್‌ಗೆ ಸಂಬಳ ಕೊಟ್ಟು ಅವಮಾನ ಮಾಡುವುದಿಲ್ಲ, ಸ್ಟೈಪೆಂಡ್ ಕೊಡಿಸುತ್ತದೆ. ಕನಿಷ್ಠ ಸ್ಟೈಪೆಂಡ್ ಎಷ್ಟಿರಬೇಕೆಂದು ಊರಿನ ಜನಸಂಖ್ಯೆ ನೋಡಿ ಮೂರು ದರ್ಜೆ ಮಾಡಿದೆ. ಮಹಾನಗರಕ್ಕೆ ಹೆಚ್ಚು, ನಡುವಿನ ಊರಿಗೆ ಕಡಿಮೆ, ಸಣ್ಣ ಊರಿಗೆ ಇನ್ನೂ ಕಡಿಮೆ. ಇದರ ಹಿಂದಿನ ವಿಜ್ಞಾನ ಸ್ಪಷ್ಟವಾಗಿದೆ: ಜನ ಹೆಚ್ಚಿದ್ದಲ್ಲಿ ಹಸಿವೂ ಹೆಚ್ಚು. 2011ರ ಜನಗಣತಿಯಲ್ಲಿ ಒಂದು ಲಕ್ಷವನ್ನೂ ಮುಟ್ಟದ ಚನ್ನಪಟ್ಟಣದಲ್ಲಿ ಹುಡುಗರಿಗೆ ಹಸಿವಾಗುವುದು ಅಪರೂಪ. 2025ರ ಮೇ ತಿಂಗಳಲ್ಲಿ ಈ ಊರಿರುವ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿದಾಗ ಸೈಟಿನ ದಲ್ಲಾಳಿಗಳೆಲ್ಲ ಚುರುಕಾದರು. ಸ್ಟೈಪೆಂಡ್ ಅಂಥ ಆಮಿಷಕ್ಕೆ ಬಗ್ಗಲಿಲ್ಲ. ಜಿಲ್ಲೆ ಬೆಂಗಳೂರಾದರೂ ಹೊಟ್ಟೆ ಚನ್ನಪಟ್ಟಣದ್ದೇ ತಾನೆ!

ಇದನ್ನು ಕೊರತೆ ಎಂದು ಗೊಣಗುವವರು ಇತಿಹಾಸ ಓದಿಲ್ಲ. ಆರ್ಟಿಕಲ್ ಪದ್ಧತಿಯನ್ನು ನಮಗೆ ಕೊಟ್ಟ ಇಂಗ್ಲೆಂಡಿನಲ್ಲಿ ಹಿಂದೆ ಕಲಿಯುವ ಹುಡುಗನೇ ಯಜಮಾನನಿಗೆ ಪ್ರೀಮಿಯಂ ಕಟ್ಟಿ ಸೇರಬೇಕಿತ್ತು. ಆ ಲೆಕ್ಕದಲ್ಲಿ ಇವತ್ತು ಸಿಗುವುದೆಲ್ಲ ಲಾಭವೇ. ನೋವಿನ ಸಂಗತಿ ಒಂದೇ: 2023ರ ಹೊಸ ವ್ಯವಸ್ಥೆಯಲ್ಲಿ ಮೂರು ವರ್ಷದ ಆರ್ಟಿಕಲ್‌ಶಿಪ್ಪನ್ನು ಎರಡಕ್ಕೆ ಇಳಿಸಿಬಿಟ್ಟರು. ಈ ಸುಖದಲ್ಲಿ ಮೂರನೇ ಒಂದು ಪಾಲು ಈಗಿನವರಿಗೆ ಕೈತಪ್ಪಿತು. ‘ನಮ್ ಕಾಲ್ದಲ್ಲಿ ಮೂರ್ ವರ್ಷ ಕಣಯ್ಯ’ ಎಂದು ಹಳಬರು ಇವತ್ತಿಗೂ ಮರುಗುತ್ತಾರೆ. ಜೊತೆಗೆ ಓದಿದವರು ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಒಂದೇ ಕಾಲ ಮೇಲೆ ನಿಂತು ಬೆಂಗಳೂರಿನ ಕಂಪನಿಗಳಿಗೆ ಹೋಗಿ, ತಿಂಗಳ ಕೊನೆಗೆ ಸಂಬಳ ಎಂಬ ಜಂಜಾಟವನ್ನು ಹೊತ್ತು ಬರುತ್ತಾರೆ. ನಮ್ಮ ಹುಡುಗನಿಗೆ ಆ ತಾಪತ್ರಯ ಇಲ್ಲ.

ಪಾರ್ಟಿಯ ಅಂಗಡಿಯಲ್ಲಿ ಅವನಿಗೆ ಸಿಗುವ ಆದರವನ್ನು ಕಣ್ಣಾರೆ ಕಾಣಬೇಕು. ಜಿಎಸ್‌ಟಿ ಅಧಿಕಾರಿ ಬಂದರೆ ಮಾಲೀಕ ಎದ್ದು ನಿಲ್ಲುತ್ತಾನೆ, ಬೆವರುತ್ತಾನೆ, ಎಳನೀರು ತರಿಸುತ್ತಾನೆ. ನಮ್ಮ ಹುಡುಗನ ವಿಷಯದಲ್ಲಿ ಇಂಥ ಪರಕೀಯ ಭಾವ ಇಲ್ಲವೇ ಇಲ್ಲ.

“ಯಾರಪ್ಪ ನೀನು?”

“ಆಡಿಟ್ರ ಆಫೀಸಿಂದ ಅಣ್ಣ. ಬ್ಯಾಂಕ್ ಸ್ಟೇಟ್‌ಮೆಂಟು, ಓಚರ್ ಫೈಲು ಬೇಕಿತ್ತು.”

“ಓ, ಬಾ ಮಗಾ. ಹೋದ್ವರ್ಸ ಒಬ್ಬ ಬತ್ತಿದ್ನಲ್ಲ, ಅವ್ನೆಲ್ಲಿ?”

“ಬಿಟ್ಟೋದ ಅಣ್ಣ.”

“ಅಯ್ಯೋ, ಅವನ್ ಕೈಗೆ ಎಲ್ಲಾ ಕೊಟ್ಟಿದ್ನಲ್ಲ, ಅವನ್ನೇ ಕೇಳು. ಆ ಮೂಟೆ ಮೇಲೆ ಕೂತ್ಕೊ. ಲೇ, ಮಗೀಗೊಂದು ಟೀ ಹೇಳ್ರೊ.”

ಮಾತು ಶುರುವಾದ ಅರ್ಧ ನಿಮಿಷದಲ್ಲಿ ಅವನು ಮನೆಮಗನಾದ. ಇನ್ನೊಂದು ಗಂಟೆಗೆ ಮಾಲೀಕ ಊಟಕ್ಕೆ ಏಳುತ್ತಾ “ಹಂಗೇ ಗಲ್ಲಾ ನೋಡ್ಕೊಂಡಿರು” ಎಂದು ಹೇಳಿ ಹೋಗುತ್ತಾನೆ. ಆಡಿಟರ್ ಸ್ವತಂತ್ರನಾಗಿರಬೇಕು ಎಂದು ಪಠ್ಯಪುಸ್ತಕ ಪುಟಗಟ್ಟಲೆ ಕೊರೆಯುತ್ತದೆ. ಚನ್ನಪಟ್ಟಣ ಅದನ್ನು ಒಂದೇ ಏಟಿಗೆ ಸಾಧಿಸಿದೆ: ಅಂಗಡಿಯ ಲೆಕ್ಕ ನೋಡುವವನೇ ಅಂಗಡಿಯನ್ನೂ ನೋಡುತ್ತಾನೆ, ಸ್ವತಂತ್ರವಾಗಿ, ಒಬ್ಬನೇ.

ಆರ್ಟಿಕಲ್ ಹುಡುಗಿಯಾದರೆ ಆದರ ಇನ್ನೊಂದು ಮೆಟ್ಟಿಲು ಮೇಲೆ. ಯಾವ ಊರು, ಅಪ್ಪ ಏನು ಮಾಡ್ತಾರೆ, ಮದುವೆ ಯಾವಾಗ ಎಂಬ ಮೂರು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಟ್ರಯಲ್ ಬ್ಯಾಲೆನ್ಸ್ ಕೈಗೆ ಬರುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲಂತೂ, ಮಾಗಡಿ ಕನಕಪುರದಂಥ ದೂರದ ಪಾರ್ಟಿಗೆ ಹುಡುಗಿಯನ್ನು ಕಳಿಸಿದರೆ ಕನ್ವೇಯನ್ಸ್ ಕೊಡಬೇಕಿಲ್ಲ ಎಂಬುದನ್ನು ಚುರುಕಿನ ಆಫೀಸು ಬೇಗ ಕಂಡುಕೊಳ್ಳುತ್ತದೆ. ಸ್ತ್ರೀ ಸಬಲೀಕರಣದ ಇಂಥ ಫಲವನ್ನು ಯೋಜನೆ ತಂದವರೂ ಊಹಿಸಿರಲಾರರು.

ಇನ್ನು ಓಚರ್ ನೋಡುವ ಕೆಲಸ. ತಿಳಿಯದವರು ಇದನ್ನು ನೀರಸ ಎನ್ನುತ್ತಾರೆ. ಆದಾಯ ತೆರಿಗೆ ಕಾಯ್ದೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಈ ಒಂದು ಕಲಮು ಚನ್ನಪಟ್ಟಣದ ವ್ಯಾಪಾರಕ್ಕೆ ತಂದಿರುವ ಶಿಸ್ತನ್ನು ಯಾವ ಮಠವೂ ತರಲಾರದು. ಮರದ ದಿಮ್ಮಿಯವನಿಗೆ 9,900. ಬಣ್ಣದ ಅಂಗಡಿಗೆ 9,850. ಮಾರನೇ ದಿನ ಅದೇ ದಿಮ್ಮಿಯವನಿಗೆ ಮತ್ತೆ 9,900. ದಿಮ್ಮಿ ಉದ್ದವಾಗಲಿ ಗಿಡ್ಡವಾಗಲಿ, ಮಳೆ ಬರಲಿ ಬರದಿರಲಿ, ಬೆಲೆ ಹತ್ತು ಸಾವಿರದ ಹೊಸ್ತಿಲು ದಾಟುವುದಿಲ್ಲ. ಓಚರಿನ ಕೆಳಗೆ ರುಜುಗಳೂ ಅಷ್ಟೇ ಸಾಮರಸ್ಯದಿಂದ ಕೂಡಿವೆ. ಲಾರಿಯವನು, ಹಮಾಲಿ, ಬಣ್ಣದ ಅಂಗಡಿಯವರು, ಟೀ ಅಂಗಡಿಯವನು, ಎಲ್ಲರೂ ಜಾತಿ ಮತ ಭೇದ ಮರೆತು ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ರುಜು ಹಾಕಿರುತ್ತಾರೆ. ಹುಡುಗ ಪ್ರತಿಯೊಂದಕ್ಕೂ ಹಸಿರು ಟಿಕ್ಕು ಹಾಕುತ್ತಾ ಹೋಗುತ್ತಾನೆ. ನೂರಾರು ಓಚರ್ ದಾಟಿದ ಮೇಲೆ ಅವನ ಮನಸ್ಸು ಸಮಾಧಿ ಸ್ಥಿತಿಗೆ ಹೋಗುತ್ತದೆ. ಅನ್ಯರು ಇದಕ್ಕಾಗಿ ಹಿಮಾಲಯಕ್ಕೆ ಹೋಗುತ್ತಾರೆ.

ಈ ಹತ್ತು ಸಾವಿರದ ಬೇಲಿಗೆ ಕಾಯ್ದೆಯ ನಿಯಮಗಳೇ ಕೆಲವು ವಿನಾಯಿತಿ ಕೊಟ್ಟಿವೆ. ಗುಡಿ ಕೈಗಾರಿಕೆಯಲ್ಲಿ ವಿದ್ಯುತ್ತಿನ ನೆರವಿಲ್ಲದೆ ತಯಾರಾದ ಮಾಲನ್ನು ತಯಾರಿಸಿದವನಿಂದಲೇ ಕೊಂಡರೆ ಆ ಬೇಲಿ ಇಲ್ಲ. ಬೊಂಬೆಯ ಊರಿನಲ್ಲಿ ಇದು ಸಣ್ಣ ಮಾತಲ್ಲ. ಈ ಬುಗುರಿ ಕೈಲೇತಿನದೋ ಕರೆಂಟ್ ಲೇತಿನದೋ ಎಂದು ಹುಡುಗ ಪತ್ತೆ ಮಾಡಬೇಕು. ಕೇಳಲು ಹೋದರೆ ಹಿರಿಯ ಕುಶಲಕರ್ಮಿ ಲೇತಿನಿಂದ ತಲೆ ಎತ್ತದೆ ಪರಿಹಾರ ಸೂಚಿಸುತ್ತಾರೆ: “ಬೆಳಗಿಂದ ಕರೆಂಟೇ ಇಲ್ಲ ಬೇಟಾ. ಇವತ್ತು ಎಷ್ಟು ಬೇಕಾದ್ರೂ ಕ್ಯಾಶಲ್ಲೇ ಕೊಡೋಕೆ ಹೇಳು.”

ಮಾರ್ಚ್ 31ರ ದಾಸ್ತಾನು ಎಣಿಕೆ ಈ ವೃತ್ತಿಯ ಜಾತ್ರೆ. ಆಲೆ ಮರದ ತುಂಡು, ಅರಗಿನ ಕಡ್ಡಿ, ತಾಳೆಗರಿ ಉಜ್ಜಿ ಹೊಳಪೇರಿಸಿದ ಗಿಲಕಿ, ಬುಗುರಿ, ಚುಕುಬುಕು ರೈಲು, ಎಲ್ಲವೂ ಮೂಟೆಗಟ್ಟಲೆ. ಒಂದು ಮೂಟೆ ಬುಗುರಿ ಸುರಿದುಕೊಂಡು ಮುಕ್ಕಾಲು ಎಣಿಸಿರುವಾಗ ಯಾರಾದರೂ “ಊಟ ಆಯ್ತಾ?” ಎಂದು ಪ್ರೀತಿಯಿಂದ ಕೇಳುತ್ತಾರೆ. ಮತ್ತೆ ಒಂದರಿಂದ. ಆಮೇಲೆ ಅರೆಬರೆ ತಯಾರಾದ ಮಾಲಿಗೆ ಬೆಲೆ ಕಟ್ಟಬೇಕು. ಲೆಕ್ಕದ ಮಾನದಂಡದ ಪ್ರಕಾರ ದಾಸ್ತಾನಿಗೆ ತಗುಲಿದ ವೆಚ್ಚ ಮತ್ತು ಮಾರಿದರೆ ಬರಬಹುದಾದ ಹಣ, ಎರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಹುಡುಗ ಇನ್ನೂ ತಲೆ ಕೂರಿಸದ ಆಟದ ಕುದುರೆಯನ್ನು ಕೈಲಿ ಹಿಡಿದು ಕೇಳುತ್ತಾನೆ, “ಇದು ಎಷ್ಟು ಪರ್ಸೆಂಟ್ ರೆಡಿ ಅಂತ ಬರ್ಕೊಳ್ಳಿ?”

“ತಲೆ ಕೂರ್ಸೋ ತನಕ ಅದು ಕುದ್ರೆ ಅಲ್ಲ ಬೇಟಾ, ಸ್ಟೂಲು.”

ಮಾನದಂಡ ಬರೆದ ಪಂಡಿತರು ಸಭೆಗಳ ಮೇಲೆ ಸಭೆ ನಡೆಸಿ ಹೇಳಿದ್ದನ್ನು ಈ ಮನುಷ್ಯ ಒಂದೇ ವಾಕ್ಯದಲ್ಲಿ ಮುಗಿಸಿದ. ಹುಡುಗ ಪಟ್ಟಿಯಲ್ಲಿ ಸ್ಟೂಲು ಎಂದು ಬರೆದುಕೊಂಡ. 2018ರ ಜಿಎಸ್‌ಟಿ ಅಧಿಸೂಚನೆಯ ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಸಾವಂತವಾಡಿ, ತಂಜಾವೂರುಗಳ ಜೊತೆ ಚನ್ನಪಟ್ಟಣದ ಬೊಂಬೆಗೂ ಹೆಸರು ಹಿಡಿದು ಜಾಗ ಕೊಟ್ಟಿದ್ದಾರೆ. ತಲೆಯಿಲ್ಲದ ಕುದುರೆಯ ಬಗ್ಗೆ ಅದು ಮೌನ ವಹಿಸಿದೆ.

ಬೊಂಬೆಯಾದರೂ ಎಣಿಸುವಾಗ ಸುಮ್ಮನಿರುತ್ತದೆ. ರೇಷ್ಮೆಗೂಡಿನ ದಾಸ್ತಾನು ಹಾಗಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ರೀಲರು ಹರಾಜಿನಲ್ಲಿ ಕೊಂಡು ತಂದ ಗೂಡು, ಗೋಡೋನಿಗೆ ಬಂದ ಗಳಿಗೆಯಿಂದ ತೂಕ ಇಳಿಯಲು ಶುರುಮಾಡುತ್ತದೆ. ಬಿಸಿ ಕೊಟ್ಟು ಒಳಗಿನ ಹುಳು ಕೊಲ್ಲದೆ ಸುಮ್ಮನೆ ಬಿಟ್ಟರೋ, ಚಿಟ್ಟೆ ಗೂಡನ್ನು ತೂತು ಮಾಡಿ ಹೊರಗೆ ಬಂದುಬಿಡುತ್ತದೆ. ಪಾಪ, ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ. ಹಾಗಾಗಿ ದಾಸ್ತಾನು ಗೋಡೋನಿನಲ್ಲೇ ಇರುತ್ತದೆ, ರೇಷ್ಮೆ ಮಾತ್ರ ಇರುವುದಿಲ್ಲ. ಮುಂಬೈ, ದಿಲ್ಲಿಯ ದೊಡ್ಡ ಕಂಪನಿಗಳ ಆಡಿಟ್ ಮಾಡಿದವರು ಎಷ್ಟೇ ಮೆರೆಯಲಿ, ರೆಕ್ಕೆ ಬಡಿಯುವ ಕ್ಲೋಸಿಂಗ್ ಸ್ಟಾಕ್ ನೋಡುವ ಭಾಗ್ಯ ಅವರಿಗೆಲ್ಲಿದೆ?

1896ರ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಪ್ರಕರಣ ಪ್ರತಿ ಆರ್ಟಿಕಲ್‌ಗೂ ಬಾಯಿಪಾಠ. ಮಿಲ್ಲಿನ ಮ್ಯಾನೇಜರ್ ವರ್ಷಗಟ್ಟಲೆ ದಾಸ್ತಾನು ಉಬ್ಬಿಸಿ ಬರೆದುಕೊಟ್ಟ, ಆಡಿಟರುಗಳು ಎಣಿಸದೆ ನಂಬಿದರು. ಆಡಿಟರ್ ಕಾವಲುನಾಯಿಯೇ ಹೊರತು ಬೇಟೆನಾಯಿಯಲ್ಲ ಎಂದು ನ್ಯಾಯಮೂರ್ತಿ ಲೋಪ್ಸ್ ಅವರು ಹೇಳಿದರು, ಆಡಿಟರುಗಳು ಹೊಣೆಯಿಂದ ಪಾರಾದರು. ನಮ್ಮ ಪಾರ್ಟಿಗಳು ಆ ತೀರ್ಪು ಓದಿದವರಲ್ಲ, ಆದರೂ ಅದರ ಮರ್ಮ ಬಲ್ಲರು. ಟೀ ಜೊತೆ ಎರಡು ಬಿಸ್ಕೆಟ್ ತಪ್ಪದೆ ಹಾಕುತ್ತಾರೆ.

ಒಮ್ಮೊಮ್ಮೆ ವಯಸ್ಸಿನ ಹುರುಪಿಗೆ ಹುಡುಗ ಬೇಟೆಗೂ ಇಳಿಯುವುದುಂಟು. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯಲು ತಳಿ ನೋಡಿ ಸುಮಾರು ಆರರಿಂದ ಎಂಟು ಕೆಜಿ ಗೂಡು ಬೇಕು. ರೀಲಿಂಗಿನವರು ಇದಕ್ಕೆ ರೆಂಡಿಟ್ಟ ಎನ್ನುತ್ತಾರೆ. ಕೊಂಡ ಗೂಡಿಗೂ ಮಾರಿದ ರೇಷ್ಮೆಗೂ ಈ ಲೆಕ್ಕ ಹಾಕಿದಾಗ ಒಂದಷ್ಟು ರೇಷ್ಮೆ ಪುಸ್ತಕದಿಂದ ಮಾಯವಾಗಿರುವುದು ಕಾಣುತ್ತದೆ. ಓಡಿಬಂದು ಆಫೀಸಿನ ಆಡಿಟರ್ ಸಾಹೇಬರಿಗೆ ಹೇಳುತ್ತಾನೆ. ಸಾಹೇಬರು ಕನ್ನಡಕ ಮೇಲೆತ್ತಿ, ಪ್ರಶಾಂತ ಚಿತ್ತರಾಗಿ, “ಮೆಟೀರಿಯಲ್ ಅಲ್ಲ ಬಿಡಯ್ಯ. ಪಾರ್ಟಿ ಹತ್ರ ಒಂದು ರೆಪ್ರಸೆಂಟೇಷನ್ ಲೆಟರ್ ತಗೊಂಡು ಫೈಲಿಗೆ ಹಾಕು” ಎನ್ನುತ್ತಾರೆ. ಮೆಟೀರಿಯಲ್ ಅಲ್ಲ ಎಂದರೆ ಗಣನೆಗೆ ಬರುವಷ್ಟು ದೊಡ್ಡದಲ್ಲ ಎಂದರ್ಥ. ಲೆಟರ್ ಎಂದರೆ, ಕೊಟ್ಟ ಲೆಕ್ಕವೆಲ್ಲ ಸತ್ಯ, ಅದರ ಹೊಣೆ ನಮ್ಮದು ಎಂದು ಪಾರ್ಟಿ ಆಡಿಟರಿಗೆ ಬರೆದುಕೊಡುವ ಕಾಗದ. ಅದನ್ನು ಇಂಗ್ಲಿಷಿನಲ್ಲಿ ಬರೆಯುವವನು ಹುಡುಗ. ಓದದೆ ರುಜು ಹಾಕುವವನು ಪಾರ್ಟಿ. ನಂಬುವವರು ಸಾಹೇಬರು. ಮೂವರೂ ತಮ್ಮ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದಾರೆ.

ಅದೇ ಸಂಜೆ ಹುಡುಗ ಬಸ್ ಚಾರ್ಜಿನ ಬಿಲ್ ಕೊಡುತ್ತಾನೆ. ಬರುವಾಗಿನ ಟಿಕೆಟ್ ಇದೆ, ಹೋಗುವಾಗಿನದು ಕಳೆದಿದೆ. ಸಾಹೇಬರ ಮುಖ ಗಂಭೀರವಾಗುತ್ತದೆ. “ಸಪೋರ್ಟಿಂಗ್ ಇಲ್ದೆ ಹೆಂಗಯ್ಯ ಪಾಸ್ ಮಾಡ್ಲಿ?” ಲಕ್ಷಗಳಲ್ಲಿ ಮೆಟೀರಿಯಲ್ ಅಲ್ಲದ್ದು ನಲವತ್ತು ರೂಪಾಯಿಯಲ್ಲಿ ಮೆಟೀರಿಯಲ್ ಆಗುವ ಈ ಸೂಕ್ಷ್ಮವನ್ನು ಯಾವ ಕೋಚಿಂಗ್ ಕ್ಲಾಸೂ ಹೇಳಿಕೊಡದು. ಆರ್ಟಿಕಲ್‌ಶಿಪ್ ಕಡ್ಡಾಯ ಮಾಡಿರುವುದು ಇದಕ್ಕೇ ಇರಬೇಕು.

ಹಳ್ಳಿಯ ಹಾಲಿನ ಸೊಸೈಟಿಯ ಆಡಿಟ್ ಇನ್ನೊಂದು ಬಗೆಯ ಆನಂದ. ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಮೊಳೆತ ಸಹಕಾರ ತತ್ವ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂಬುದು ಸ್ಯಾಂಪಲ್ ಹಾಲಿನ ರಿಜಿಸ್ಟರು ತೆರೆದರೆ ಗೊತ್ತಾಗುತ್ತದೆ. ಬೆಳಗ್ಗೆ ಸಂಜೆ ಪ್ರತಿಯೊಬ್ಬರ ಹಾಲಿನಿಂದಲೂ ಫ್ಯಾಟ್ ನೋಡಲು ಸ್ವಲ್ಪ ತೆಗೆಯುತ್ತಾರೆ. ಆ ಸ್ವಲ್ಪ ಸ್ವಲ್ಪವೂ ಸೇರಿ ವರ್ಷಕ್ಕೆ ಎಷ್ಟಾಯಿತು, ಎಷ್ಟು ಮಾರಾಯಿತು, ಎಷ್ಟು ಯಾರ ಮನೆಯಲ್ಲಿ ಮೊಸರಾಯಿತು? ಹುಡುಗ ಕೇಳಿದರೆ ಕಾರ್ಯದರ್ಶಿ “ಹಾಲು ಒಡೆದೋಯ್ತು ಸಾ” ಎನ್ನುತ್ತಾರೆ. ಕೇಳಿದ್ದಕ್ಕೆ ಉತ್ತರವೂ ಬಂತು, ಜೀವಮಾನದಲ್ಲಿ ಮೊದಲ ಬಾರಿಗೆ ‘ಸಾ’ ಎಂದೂ ಅನ್ನಿಸಿಕೊಂಡಾಯಿತು. ಸರ್ವ ಸದಸ್ಯರ ಸಭೆಯಲ್ಲಿ ಆಡಿಟ್ ವರದಿ ಓದುವಾಗ ಜನ ತದೇಕಚಿತ್ತರಾಗಿ ಅಡುಗೆಯ ಕಡೆ ಕಿವಿಗೊಟ್ಟಿರುತ್ತಾರೆ.

ಸೆಪ್ಟೆಂಬರ್ ಬಂತೆಂದರೆ ಸುಖ ತುತ್ತತುದಿಗೆ ಏರುತ್ತದೆ. 1984ರ ಹಣಕಾಸು ಕಾಯ್ದೆ 44ಎಬಿ ಕಲಮು ತಂದು ದೊಡ್ಡ ವಹಿವಾಟಿಗೆಲ್ಲ ತೆರಿಗೆ ಆಡಿಟ್ ಕಡ್ಡಾಯ ಮಾಡಿದ ಮೇಲೆ, ಅದರ ಗಡುವಾದ ಸೆಪ್ಟೆಂಬರ್ 30 ಈ ವೃತ್ತಿಯವರ ಯುಗಾದಿ. ಪಾರ್ಟಿಗಳು ಗೌರಿ, ಗಣೇಶ, ಪಿತೃಪಕ್ಷ ಎಲ್ಲ ಮುಗಿಸಿಕೊಂಡು 27ನೇ ತಾರೀಖು ಒಂದು ಚೀಲ ಕಾಗದ ತಂದು ಸುರಿಯುತ್ತಾರೆ. ಆರ್ಟಿಕಲ್ ವಾರಕ್ಕೆ 35 ಗಂಟೆ ದುಡಿಯಬೇಕು ಎಂದು ನಿಯಮ. ನಮ್ಮ ಹುಡುಗ ಅದನ್ನು ಬುಧವಾರದೊಳಗೆ ಮುಗಿಸಿ, ಉಳಿದ ದಿನ ಕಲಿಕೆಯ ಆಸೆಗೆ ಕೂತಿರುತ್ತಾನೆ. ಐಸಿಎಐ ತನ್ನ ಧ್ಯೇಯವಾಕ್ಯವನ್ನು ಕಠೋಪನಿಷತ್ತಿನಿಂದ ಆರಿಸಿಕೊಂಡಿದೆ. ಲೋಕವೆಲ್ಲ ಮಲಗಿರುವಾಗ ಎಚ್ಚರವಿರುವವನ ವಿಚಾರ ಅದು. ಅವನು ಪರಮಾತ್ಮ ಎಂದು ಪಂಡಿತರು ಅರ್ಥ ಹೇಳುತ್ತಾರೆ. ಸೆಪ್ಟೆಂಬರಿನ ರಾತ್ರಿ ಒಂದು ಗಂಟೆಗೆ ಮೆಡಿಕಲ್ ಸ್ಟೋರಿನ ಮೇಲೆ ಉರಿಯುವ ಟ್ಯೂಬ್‌ಲೈಟ್ ಆ ಪಂಡಿತರು ನೋಡಿಲ್ಲ.

ಗಡುವು ಮುಟ್ಟುವ ಹೊತ್ತಿಗೆ ಸರಕಾರ ಗಡುವನ್ನೇ ಮುಂದೂಡುವುದೂ ಉಂಟು. 2025ರಲ್ಲಿ ಸೆಪ್ಟೆಂಬರ್ 30 ಅಕ್ಟೋಬರ್ 31 ಆಯಿತು, ಅದು ನವೆಂಬರ್ 10 ಆಯಿತು. ಪಾರ್ಟಿಗಳು ಅಷ್ಟೇ ನಿಷ್ಠೆಯಿಂದ ಚೀಲ ತರುವ ದಿನವನ್ನೂ ಮುಂದೆ ಹಾಕಿಕೊಂಡರು. ದಸರೆ, ದೀಪಾವಳಿ ಎರಡೂ ಆಫೀಸಿನಲ್ಲೇ ಆದವು. ನಡುವೆ ಇಲಾಖೆಯಿಂದ ಪಾರ್ಟಿಗೊಂದು ನೋಟೀಸು ಬಂದರೆ, ಪಾರ್ಟಿ ಸಾಹೇಬರ ಮೇಲೆ ರೇಗುತ್ತದೆ, ಸಾಹೇಬರು ಹುಡುಗನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಹಿರಿಯರು ಹಂಗಿಸಿ ಆಡಿದ ಮಾತಿಗೆ ಇಲ್ಲಿ ವ್ಯವಸ್ಥೆಯ ಗೌರವ ದೊರೆತಿದೆ.

ವ್ಯಾಪಾರ ಮುಂದೆಯೂ ನಡೆಯುತ್ತದೆಯೇ ಎಂದು ತೀರ್ಮಾನಿಸುವುದು ಆಡಿಟಿನ ಇನ್ನೊಂದು ಘನ ಕರ್ತವ್ಯ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೈಸೂರಿಗೆ ಹೊರಟ ಕಾರುಗಳು ಊರನ್ನು ಬಳಸಿಕೊಂಡು ಬೈಪಾಸಿನಲ್ಲಿ ಹಾರುತ್ತವೆ. ಹಳೇ ರಸ್ತೆಯ ಬೊಂಬೆ ಅಂಗಡಿಯವನು ಮಧ್ಯಾಹ್ನದ ತನಕ ಬೋಣಿಯಾಗದೆ ಕುದುರೆಯ ಮೇಲಿನ ಧೂಳು ಒರೆಸುತ್ತಾನೆ. ಹುಡುಗ ಅವನೆದುರು ಕೂತು ಹೋದ ವರ್ಷದ ವಾಕ್ಯವನ್ನು ಕಾಪಿ ಪೇಸ್ಟ್ ಮಾಡುತ್ತಾನೆ: ಈ ವ್ಯವಹಾರ ನಿರಾತಂಕವಾಗಿ ಮುಂದುವರಿಯಲಿದೆ. ಅಂಗಡಿಯವನಿಗೆ ಆ ವರ್ಷ ಬಂದ ಒಂದೇ ಒಂದು ಶುಭ ಸುದ್ದಿ ಅದು, ಅದೂ ಇಂಗ್ಲಿಷಿನಲ್ಲಿ.

ಇಷ್ಟರ ನಡುವೆ ಅವನು ಓದುವುದು ಯಾವಾಗ ಎಂದು ಕೆಲವರು ಕೇಳುತ್ತಾರೆ. ಸಂಸ್ಥೆ ಅದನ್ನೂ ಯೋಚಿಸಿದೆ. 2025ರಲ್ಲಿ ಫೈನಲ್ ಪರೀಕ್ಷೆಯನ್ನೂ ವರ್ಷಕ್ಕೆ ಮೂರು ಸಲ ನಡೆಸಲು ಶುರುಮಾಡಿತು. ಮೊದಲು ವರ್ಷಕ್ಕೆ ಎರಡೇ ಸಲ ಫೇಲಾಗಬಹುದಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ ಕಲಮುಗಳನ್ನು ಅವನು ನಿದ್ದೆಯಲ್ಲೂ ಒಪ್ಪಿಸುವ ಹಂತಕ್ಕೆ ಬಂದಿದ್ದಾನೆಂದು ತಿಳಿದ ಸಂಸತ್ತು 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಮಾಡಿ, 2026ರ ಏಪ್ರಿಲ್ 1ರಿಂದ ಕಲಮುಗಳ ಅಂಕಿಗಳನ್ನೇ ಬದಲಿಸಿತು. ಒಬ್ಬ ಹುಡುಗನ ಬೇಸರ ಕಳೆಯಲು ಇಡೀ ಸಂಸತ್ತು ದುಡಿದ ಉದಾಹರಣೆ ಬೇರೆಲ್ಲೂ ಸಿಗದು.

ಇವನ ಕೊನೆಯ ಸುಖ ಜ್ಞಾನದ್ದು. ಊರಿನಲ್ಲಿ ಯಾರ ಬ್ಯಾಂಕ್ ಓವರ್‌ಡ್ರಾಫ್ಟ್ ಕುತ್ತಿಗೆಗೆ ಬಂದಿದೆ, ಯಾರ ಬಂಗಲೆ ಯಾರ ಹೆಸರಿನಲ್ಲಿದೆ, ಎಲ್ಲ ಅವನಿಗೆ ಗೊತ್ತು. ಪಾರ್ಟಿಯ ಮಗಳ ಮದುವೆಗೆ ಹೋಗಿ ಎಲೆಯ ಮುಂದೆ ಕೂತಾಗ, ತನಗೆ ಬಡಿಸುತ್ತಿರುವ ಹೋಳಿಗೆ ಮುಂದಿನ ವರ್ಷ ‘ಬಿಸಿನೆಸ್ ಪ್ರಮೋಷನ್’ ಖಾತೆಯಲ್ಲಿ ಸಿಗುತ್ತದೆ ಎಂಬುದೂ ಗೊತ್ತು. ಯಾರಿಗೂ ಹೇಳುವಂತಿಲ್ಲ. ಹೇಳಿದರೂ ಅದು ಮೆಟೀರಿಯಲ್ ಅಲ್ಲ.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಮಗ್ಗಿ ತಪ್ಪದೆ ಒಪ್ಪಿಸುವ, ಎದುರು ಮಾತಾಡದ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ತಡಮಾಡದೆ ಆರ್ಟಿಕಲ್‌ಗೆ ಕಳಿಸಿ. ಬ್ಯಾಂಕು ಸಾಲ ಕೊಡುವುದು, ಸರಕಾರ ತೆರಿಗೆ ನಂಬುವುದು, ಸೊಸೈಟಿ ಬೋನಸ್ ಹಂಚುವುದು, ಎಲ್ಲವೂ ಆ ಮಗು ಅರೆನಿದ್ದೆಯಲ್ಲಿ ಹಾಕುವ ಟಿಕ್ಕಿನ ಮೇಲೆ ನಿಂತಿದೆ. ರುಜು ಸಾಹೇಬರದು, ಫೀಸೂ ಸಾಹೇಬರದು. ಇಷ್ಟು ದೊಡ್ಡ ಭಾರ ಹೊರುವ ಪುಣ್ಯವಷ್ಟೂ ಮಗುವಿನದು. ಊಟ, ಪುಸ್ತಕ, ಪರೀಕ್ಷೆಯ ಫೀಸು ನೀವು ನೋಡಿಕೊಂಡರೆ ಸಾಕು. ಲ್ಯಾಪ್‌ಟಾಪ್ ಮನೆಯಿಂದಲೇ ತರಬೇಕು.